ಮಗುವಿನ ಮಾತನ್ನು ಅಳೆಯುವ ಬಗೆ
(ರಾಜ್ಯೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ದಿನ ನಾಡಿನ ದೊಡ್ಡವರ ಮಾತನ್ನು ನೆನೆಯುವುದು ವಾಡಿಕೆ. ನಾವು ಇಂದು ನಮ್ಮ ಮನೆಯ ಚಿಕ್ಕವರ ಮಾತಿನ ವಿಚಾರವಾಗಿ ಸ್ವಲ್ಪ ಅರಿಕೆ ಮಾಡಬೇಕೆಂದಿದ್ದೇವೆ.

1956ರ ನವೆಂಬರ್ 1ರವರೆಗೆ ಬೀದರ, ಕಲಬುರ್ಗಿ, ರಾಯಚೂರುಗಳಿಗೆ ಈ ಹೈದರಾಬಾದೇ ರಾಜಧಾನಿ. ಅಂದು ಆ ಜಿಲ್ಲೆಗಳು ಕನ್ನಡನಾಡನ್ನು ಸೇರಿದವು. ಇಲ್ಲಿ ನೆಲೆಸಿದ್ದ ನಾವು ಇಲ್ಲಿಯೇ ಉಳಿದೆವು. ನೌಕರಿಯ ನಿಮಿತ್ತ ಆಮೇಲೆ ಬಂದವರೂ ನಮ್ಮೊಡನೆ ಕೂಡಿಕೊಂಡರು. ಹೀಗಾಗಿ ನಮ್ಮ ಮಕ್ಕಳು ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಅಂಗಡಿಯಲ್ಲಿ ದಖನಿ, ಶಾಲೆಯಲ್ಲಿ ಇಂಗ್ಲಿಷು ಕೇಳುತ್ತ ಬೆಳೆಯುತ್ತವೆ. ಇಂಥ ಮಗುವಿನ ಮಾತನ್ನು ಅಳೆಯುವುದು ಹೇಗೆ?

ನಮಗೆ ಪರಿಚಯದ ಮನೆಯೊಂದರಲ್ಲಿ ನಾಲ್ಕು ವರ್ಷದ ಹುಡುಗ. ಶಾಲೆಯಲ್ಲಿ ಬಾಯಿ ಬಿಡುತ್ತಿರಲಿಲ್ಲ. ಅಲ್ಲಿಯವರು ಚಿತ್ರ ತೋರಿಸಿ ಇಂಗ್ಲಿಷಿನಲ್ಲಿ ಹೆಸರು ಕೇಳಿದರು, ಹುಡುಗ ಹೇಳಲಿಲ್ಲ. "ಮಗು ಮಾತಿನಲ್ಲಿ ಹಿಂದಿದೆ, ಮನೆಯಲ್ಲಿ ಕನ್ನಡ ನಿಲ್ಲಿಸಿರಿ" ಎಂದರು. ತಂದೆತಾಯಿ ಹೆದರಿ ನಿಲ್ಲಿಸಿದರು. ಬೀದರಿನ ಅಜ್ಜಿಗೆ ಇಂಗ್ಲಿಷು ಬಾರದು. ದಿನವೂ ಕಥೆ ಹೇಳುತ್ತಿದ್ದ ಆಕೆ ಮೊಮ್ಮಗನ ಮುಂದೆ ಮೂಕಳಾಗಿ ಕುಳಿತಳು. ಹುಡುಗನ ಇಂಗ್ಲಿಷು ಬೆಳೆಯಲಿಲ್ಲ. ಇದ್ದ ಮಾತೂ ಕಡಿಮೆಯಾಯಿತು.

ಕೊನೆಗೆ ಒಬ್ಬ ಸ್ಪೀಚ್ ಥೆರಪಿಸ್ಟ್ ಬೇರೆ ದಾರಿ ಹಿಡಿದರು. ಮೊದಲು ಕಿವಿಯ ಪರೀಕ್ಷೆ ಮಾಡಿಸಿದರು, ದೋಷವಿರಲಿಲ್ಲ. ಆಮೇಲೆ ಅಜ್ಜಿ ಮೊಮ್ಮಗನನ್ನು ಕೂರಿಸಿ, ಆಟದ ಸಾಮಾನು ಮುಂದಿಟ್ಟು, ತಾವು ಪಕ್ಕಕ್ಕೆ ಸರಿದು, ಅವರ ಮಾತುಕತೆಯನ್ನು ರೆಕಾರ್ಡ್ ಮಾಡಿಕೊಂಡರು. ಅವರಿಗೆ ಕನ್ನಡ ಅಷ್ಟಾಗಿ ಬಾರದು. ತಾಯಿಯೇ ಜತೆಗೆ ಕುಳಿತು ಮಗು ಆಡಿದ್ದನ್ನು ಆಡಿದಂತೆಯೇ ಬರೆಸಿದಳು. ಹೀಗೆ ಐವತ್ತರಿಂದ ನೂರು ಮಾತುಗಳನ್ನು ಕೂಡಿಸಿ, ಒಂದೊಂದು ಮಾತು ಎಷ್ಟು ಉದ್ದ, ಮಗು ಏನು ಕೇಳುತ್ತದೆ, ಏನು ವಿವರಿಸುತ್ತದೆ ಎಂದು ನೋಡುವುದು ಈ ವಿದ್ಯೆಯಲ್ಲಿ ಬಳಕೆಯಲ್ಲಿರುವ ಕ್ರಮ. ಅಮೆರಿಕದ ರೋಜರ್ ಬ್ರೌನ್ ಅವರು ಮೂವರು ಮಕ್ಕಳ ಮಾತನ್ನು ಹೀಗೆ ಅಭ್ಯಾಸ ಮಾಡಿ 1973ರಲ್ಲಿ ಪ್ರಕಟಿಸಿದ ಗ್ರಂಥ ಪ್ರಸಿದ್ಧವಾದುದು.

ಇಲ್ಲಿ ಒಂದು ಎಚ್ಚರಿಕೆ ಬೇಕು. "ಅಜ್ಜಿ ಅಂಗಡಿಯಿಂದ ತಂದಳು" ಎಂಬಲ್ಲಿ ಪದಗಳು ಮೂರೇ. ಇದನ್ನೇ ಇಂಗ್ಲಿಷಿನಲ್ಲಿ ಹೇಳಲು ಆರು ಪದ ಬೇಕು. ಹಾಗೆಂದು ಕನ್ನಡದ ಮಗು ಅರ್ಧದಷ್ಟೇ ಬಲ್ಲುದೆ? ಬಿಡಿಸಿ ನೋಡಿರಿ: ಅಜ್ಜಿ ಒಂದು, ಅಂಗಡಿ, ಇಂದ ಎರಡು, ತರು ಎಂಬ ಧಾತು, ಕಳೆದ ಕಾಲದ ಗುರುತು, ಹೆಣ್ಣೆಂಬ ಗುರುತು ಸೇರಿ ಮೂರು. ಒಟ್ಟು ಆರು! ಕನ್ನಡವು ಪ್ರತ್ಯಯಗಳ ಭಾಷೆ. ಪದ ಎಣಿಸಿದರೆ ಸಾಲದು, ಪದದೊಳಗಿನ ತುಂಡುಗಳನ್ನು ಎಣಿಸಬೇಕು.

ಆ ಹುಡುಗ ಅಂದು "ಬ್ಯಾಗಿನಾಗ ಕಿತಾಬ್ ಅದ" ಎಂದನಂತೆ. ಬ್ಯಾಗು ಇಂಗ್ಲಿಷಿನದು, ಕಿತಾಬು ದಖನಿಯದು. ಆದರೆ ಎರಡನ್ನೂ ಪೋಣಿಸಿದ ದಾರ ಅಚ್ಚ ಬೀದರ ಕನ್ನಡ. "ಅದ" ಎಂದದ್ದು ತಪ್ಪಲ್ಲ, ಅದು ಅವನ ಮನೆಯ ನುಡಿ. ಚಿತ್ರದ ಪರೀಕ್ಷೆಯಲ್ಲಿ ಸೊನ್ನೆ ಪಡೆದವನಿಗೆ ಭಾಷೆ ಚೆನ್ನಾಗಿಯೇ ಇತ್ತು. ಹೊಸ ಶಾಲೆಯ ಸಂಕೋಚ ಬಾಯಿ ಕಟ್ಟಿತ್ತು, ಅಷ್ಟೆ. ಅಜ್ಜಿಯ ಕಥೆ ಮತ್ತೆ ಪ್ರಾರಂಭವಾಯಿತು.

ಹಾಗೆಂದು ಎಲ್ಲವೂ ಸಂಕೋಚವೇ ಎಂದು ಸುಮ್ಮನಿರಲಾಗದು. ಎರಡು ವರ್ಷವಾದರೂ ಮಗು ಎರಡು ಪದ ಕೂಡಿಸದಿದ್ದರೆ "ತಾನಾಗಿ ಬರುತ್ತದೆ" ಎಂದು ಕಾಯಬೇಡಿರಿ. ನಿಜವಾದ ತೊಡಕಿದ್ದರೆ ಅದು ಮಗು ಬೆಳೆದ ಎಲ್ಲ ಭಾಷೆಗಳಲ್ಲಿಯೂ ತೋರುತ್ತದೆ. ಒಂದರಲ್ಲಿ ಮಾತ್ರ ತಡವರಿಸಿದರೆ ಆ ಭಾಷೆಯ ಅಭ್ಯಾಸ ಸಾಲದೆಂದು ಅರ್ಥವಾಗಬಹುದು. ತೊಡಕಿರುವ ಮಗುವಿಗೂ ಮನೆಮಾತನ್ನು ಕಸಿದುಕೊಳ್ಳುವುದು ಔಷಧವಲ್ಲ.

ಮೈಸೂರಿನಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯುಂಟು. ನಮ್ಮ ಸಿಕಂದರಾಬಾದಿನಲ್ಲಿಯೇ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆಯ ಪ್ರಾದೇಶಿಕ ಕೇಂದ್ರವುಂಟು. ಎಲ್ಲಿಗೆ ಹೋದರೂ ಮಗುವಿನೊಡನೆ ಅದರ ಮನೆಯ ಮಾತನ್ನೂ ಕೊಂಡೊಯ್ಯಿರಿ. ಊಟದ ಹೊತ್ತಿನ ಹರಟೆಯನ್ನು ಫೋನಿನಲ್ಲಿ ಹಿಡಿದಿಡಿರಿ. ಯಾವ ಭಾಷೆ ಯಾರೊಡನೆ ಎಂದು ಚೀಟಿಯಲ್ಲಿ ಬರೆಯಿರಿ. ಸಾಧ್ಯವಾದರೆ ಅಜ್ಜಿಯನ್ನೇ ಕರೆದುಕೊಂಡು ಹೋಗಿರಿ.

ನಮ್ಮ ಮಾತನ್ನು ತಾಳ್ಮೆಯಿಂದ ಕೇಳಿದಿರಿ. ಮನೆಗೆ ಹೋಗಿ ಮಕ್ಕಳ ಮಾತನ್ನೂ ಹೀಗೆಯೇ ಕೇಳಿರೆಂದು ಬೇಡಿ ವಿರಮಿಸುತ್ತೇವೆ.