ನಾಲ್ಕನೆಯ ದಿನದ ಸಂತೆ ಮತ್ತು ಕೊಪ್ಪಳದ ಗಾಳಿ

(ಜಪಾನಿನಲ್ಲಿ ನೆಲೆಸಿರುವ ಕನ್ನಡಿಗರ ಕೂಟವೊಂದರಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಜಪಾನಿಗೆ ಬಂದ ನಮ್ಮವರು ಊರಿಗೆ ಫೋನು ಮಾಡಿದಾಗ ಹೇಳುವ ಮೊದಲ ಮಾತುಗಳಲ್ಲೊಂದು, ‘ಇಲ್ಲಿ ದೂಳೇ ಇಲ್ಲ’ ಎಂಬುದು. ಮಾತು ಬಹುಮಟ್ಟಿಗೆ ನಿಜ. ಆದರೆ ಈ ಶುಭ್ರತೆಯನ್ನು ಜಪಾನೀಯರ ಸ್ವಭಾವದ, ಶಿಸ್ತಿನ, ಸಂಸ್ಕೃತಿಯ ಫಲವೆಂದು ವಿವರಿಸುವ ಅಭ್ಯಾಸವೊಂದು ನಮ್ಮಲ್ಲಿ ಬೆಳೆದಿದೆ. ಅದನ್ನು ನಾನು ಒಪ್ಪಲಾರೆ. ಸ್ವಭಾವದ ಮಾತು ಒಮ್ಮೆ ಬಂದರೆ ರಾಜಕಾರಣದ ಮಾತು ಹಿಂದೆ ಸರಿಯುತ್ತದೆ; ‘ಅವರು ಹಾಗೆ, ನಾವು ಹೀಗೆ’ ಎಂದು ನಿಟ್ಟುಸಿರಿಟ್ಟು ಸುಮ್ಮನಾಗಲು ದಾರಿಯಾಗುತ್ತದೆ. ಇಲ್ಲಿಯ ಗಾಳಿ ಶುದ್ಧವಾದದ್ದು ನ್ಯಾಯಾಲಯಗಳಲ್ಲಿ, ಬೀದಿಗಳಲ್ಲಿ, ಆಸ್ಪತ್ರೆಯ ಹಾಸಿಗೆಗಳಲ್ಲಿ ನಡೆದ ಜಗಳದಿಂದ.

ನಮ್ಮಲ್ಲಿ ಅನೇಕರು ಮನೆ ಮಾಡಿರುವ ನಿಶಿ ಕಸಾಯಿ ಇರುವುದು ಟೋಕಿಯೋದ ಎದೊಗಾವಾ ವಾರ್ಡಿನಲ್ಲಿ. 1970ರ ದಶಕದಲ್ಲಿ, ಗಾಳಿಯ ಮಾಲಿನ್ಯದಿಂದ ಜನ ಕಾಯಿಲೆ ಬೀಳುವ ಪ್ರದೇಶಗಳೆಂದು ಸರ್ಕಾರವೇ ಕಾನೂನಿನಡಿ ಗುರುತಿಸಿದ ಟೋಕಿಯೋದ 19 ವಾರ್ಡುಗಳಲ್ಲಿ ಎದೊಗಾವಾ ಸಹ ಒಂದು. ಅದಕ್ಕೂ ಮೊದಲು, 1958ರ ಜೂನ್ ತಿಂಗಳಲ್ಲಿ, ಇದೇ ವಾರ್ಡಿನ ಹೊನ್ಶು ಕಾಗದ ಕಾರ್ಖಾನೆಯ ಕೊಳಕು ನೀರಿನಿಂದ ಕಸುಬು ಕಳೆದುಕೊಂಡ ಉರಾಯಾಸುವಿನ ಮೀನುಗಾರರು ಕಾರ್ಖಾನೆಯೊಳಗೆ ನುಗ್ಗಿದ್ದರು. ಹೌದು, ಇಂದು ನಾವು ಮಕ್ಕಳನ್ನು ಡಿಸ್ನಿಲ್ಯಾಂಡ್ ತೋರಿಸಲು ಕರೆದೊಯ್ಯುವ ಅದೇ ಉರಾಯಾಸು. ಆ ವರ್ಷ ಮುಗಿಯುವುದರೊಳಗೆ ನೀರಿನ ಮಾಲಿನ್ಯದ ವಿರುದ್ಧ ಜಪಾನಿನ ಮೊದಲ ರಾಷ್ಟ್ರೀಯ ಕಾನೂನುಗಳು ಬಂದವು.

ಇಂದು ನಾನು ಮುಖ್ಯವಾಗಿ ಹೇಳಬೇಕಾದದ್ದು ಯೊಕ್ಕಾಯಿಚಿಯ ಕಥೆ. ಹೆಸರಿನ ಅರ್ಥ ‘ನಾಲ್ಕನೆಯ ದಿನದ ಸಂತೆ’ ಎಂದು. ನಾಲ್ಕನೆಯ ತಾರೀಖಿನ ಲೆಕ್ಕದಲ್ಲಿ ಸಂತೆ ನೆರೆಯುತ್ತಿದ್ದ ಊರು. ಶನಿವಾರಸಂತೆ, ಸೋಮವಾರಪೇಟೆಗಳನ್ನು ಬಲ್ಲ ನಮಗೆ ಇಂಥ ಹೆಸರು ಹೊಸದೇನಲ್ಲ. ಮಿಎ ಪ್ರಾಂತದ ಈ ಕರಾವಳಿಯ ಊರಿನಲ್ಲಿ, ಯುದ್ಧಕಾಲದ ನೌಕಾಪಡೆಯ ಇಂಧನ ಡಿಪೋ ಇದ್ದ ಜಾಗದಲ್ಲಿ, 1950ರ ದಶಕದ ಕೊನೆಗೆ ಪೆಟ್ರೋಕೆಮಿಕಲ್ ಸಂಕೀರ್ಣ ಎದ್ದಿತು. ತೈಲ ಶುದ್ಧೀಕರಣ, ವಿದ್ಯುತ್ ಸ್ಥಾವರ, ರಾಸಾಯನಿಕ ಕಾರ್ಖಾನೆಗಳೆಲ್ಲ ಒಂದಕ್ಕೊಂದು ಕೊಳವೆಗಳಿಂದ ಹೆಣೆದುಕೊಂಡಿದ್ದ ಬೃಹತ್ ವ್ಯವಸ್ಥೆ ಅದು. ಮಕ್ಕಳ ಶಾಲಾಗೀತೆಯಲ್ಲೂ ಆ ಕಾರ್ಖಾನೆಗಳ ಹೊಗಳಿಕೆ ಸೇರಿತ್ತು. ನೆಹರೂ ಕಾಲದ ನಮ್ಮ ಪಠ್ಯಪುಸ್ತಕಗಳಲ್ಲಿ ಅಣೆಕಟ್ಟುಗಳಿಗೆ ದೊರೆತ ಸ್ಥಾನವನ್ನು ನೆನೆದರೆ ಇದರ ಸ್ವಾದ ತಿಳಿಯುತ್ತದೆ.

ಮೊದಲು ಕೆಟ್ಟದ್ದು ಮೀನು. ಯೊಕ್ಕಾಯಿಚಿಯ ಕಡಲಿನ ಮೀನು ಎಣ್ಣೆ ವಾಸನೆ ಬರುತ್ತದೆಂದು ಟೋಕಿಯೋದ ಮಾರುಕಟ್ಟೆಯಲ್ಲಿ ತಿರಸ್ಕೃತವಾಯಿತು. ಆಮೇಲೆ ಕೆಟ್ಟದ್ದು ಮನುಷ್ಯರ ಉಸಿರು. ಸುಜುಕಾ ನದಿ ಕಡಲು ಸೇರುವಲ್ಲಿ, ಕಾರ್ಖಾನೆಗಳ ಎದುರು ದಡದಲ್ಲಿ, ಇಸೊಜು ಎಂಬ ಮೀನುಗಾರರ ಕೇರಿಯಿದೆ. ಚಳಿಗಾಲದಲ್ಲಿ ವಾಯವ್ಯದಿಂದ ಬೀಸುವ ಗಾಳಿ ಗಂಧಕದ ಹೊಗೆಯನ್ನೆಲ್ಲ ನೇರವಾಗಿ ಈ ಕೇರಿಯ ಮೇಲೆ ತಂದು ಸುರಿಯುತ್ತಿತ್ತು. ನಡುರಾತ್ರಿ ಉಬ್ಬಸ ಏರಿ ಎದ್ದು ಕೂರುವವರ ಸಂಖ್ಯೆ ಹೆಚ್ಚಿತು. ಗಾಳಿ ಎಲ್ಲರದು, ಹಾಗಾಗಿ ಮಾಲಿನ್ಯವೂ ಎಲ್ಲರದು ಎಂಬ ಮಾತನ್ನು ನಾವು ಸಭೆಗಳಲ್ಲಿ ಬಹಳ ಕೇಳುತ್ತೇವೆ. ಇಸೊಜುವಿನ ಬೆಸ್ತರಿಗೆ ಆ ಮಾತನ್ನು ಹೇಳಲಾಗದು. ಚಿಮಣಿಯ ಯಾವ ಬದಿಯಲ್ಲಿ ಯಾರ ಕೇರಿ ಇರುತ್ತದೆ ಎಂಬುದು ಎಲ್ಲ ದೇಶಗಳಲ್ಲೂ ಮೊದಲೇ ತೀರ್ಮಾನವಾಗಿರುತ್ತದೆ. ನಮ್ಮಲ್ಲಿ ಅದನ್ನು ಜಾತಿ ತೀರ್ಮಾನಿಸಿರುತ್ತದೆ, ಅಷ್ಟೇ ವ್ಯತ್ಯಾಸ.

ಮಿಎ ವಿಶ್ವವಿದ್ಯಾಲಯದ ವೈದ್ಯ ಯೊಶಿದಾ ಕತ್ಸುಮಿ ಅವರು ಆಗ ಮಾಡಿದ ಕೆಲಸವನ್ನು ವಿಶ್ವವಿದ್ಯಾಲಯಗಳಲ್ಲಿ ದುಡಿಯುವ ನನ್ನಂಥವರು ಮತ್ತೆ ಮತ್ತೆ ನೆನೆಯಬೇಕು. ಒಬ್ಬ ರೋಗಿಯ ಎದೆಗೆ ಸ್ಟೆತೊಸ್ಕೋಪ್ ಇಟ್ಟು, ಈ ಉಬ್ಬಸ ಹೊಗೆಯಿಂದಲೇ ಬಂತೆಂದು ಯಾವ ವೈದ್ಯನೂ ಹೇಳಲಾರ. ಅಸ್ತಮಾ ತಂಬಾಕಿನಿಂದಲೂ ಬರುತ್ತದೆ, ಹೂವಿನ ಪರಾಗದಿಂದಲೂ ಬರುತ್ತದೆ, ವಂಶದಿಂದಲೂ ಬರುತ್ತದೆ. ಕಂಪನಿಗಳ ವಾದವೂ ಅದೇ ಆಗಿತ್ತು. ಯೊಶಿದಾ ಅವರು ಆರೋಗ್ಯ ವಿಮೆಯ ದಾಖಲೆಗಳನ್ನು ತೆಗೆದು, ಬಡಾವಣೆ ಬಡಾವಣೆಗೂ ಹೋಲಿಸಿ, ಹೊಗೆ ಹೆಚ್ಚಿದ್ದಲ್ಲಿ ಕಾಯಿಲೆಯೂ ಹೆಚ್ಚಿದೆಯೆಂದು ತೋರಿಸಿದರು. ಹೊಸ ಯಂತ್ರವಿಲ್ಲ, ದೊಡ್ಡ ಅನುದಾನವಿಲ್ಲ. ಗುಮಾಸ್ತರು ಬರೆದಿಟ್ಟಿದ್ದ ಕಾಗದಗಳನ್ನೇ ಸರಿಯಾದ ಪ್ರಶ್ನೆಯಿಟ್ಟುಕೊಂಡು ಓದಿದ್ದು. 1965ರಲ್ಲಿ ಯೊಕ್ಕಾಯಿಚಿ ನಗರಸಭೆ ರಾಷ್ಟ್ರೀಯ ಕಾನೂನಿಗೆ ಕಾಯದೆ ತನ್ನದೇ ಹಣದಲ್ಲಿ ರೋಗಿಗಳ ಚಿಕಿತ್ಸೆಯ ವೆಚ್ಚ ಭರಿಸಲಾರಂಭಿಸಿತು.

1967ರ ಸೆಪ್ಟೆಂಬರ್ 1ರಂದು ಇಸೊಜುವಿನ ಒಂಬತ್ತು ರೋಗಿಗಳು ಆರು ಕಂಪನಿಗಳ ಮೇಲೆ ದಾವೆ ಹೂಡಿದರು. ಮಿತ್ಸುಬಿಷಿ ಸಮೂಹದ ಮೂರು ರಾಸಾಯನಿಕ ಕಂಪನಿಗಳು, ಶೋವಾ ಯೊಕ್ಕಾಯಿಚಿ ತೈಲ, ಚುಬು ವಿದ್ಯುತ್, ಇಶಿಹಾರಾ ಸಾಂಗ್ಯೊ. ತೀರ್ಪು ಬಂದದ್ದು 1972ರ ಜುಲೈ 24ರಂದು. ಅಷ್ಟರಲ್ಲಿ ಒಂಬತ್ತರಲ್ಲಿ ಇಬ್ಬರು ತೀರಿಕೊಂಡಿದ್ದರು. ಆ ತೀರ್ಪಿನ ಮೂರು ಅಂಶಗಳು ನಮ್ಮ ನಾಡಿಗೆ ಇಂದಿಗೂ ಹೊಸವು. ಮೊದಲನೆಯದು, ಯೊಶಿದಾ ಅವರ ಜನಸಮುದಾಯದ ಲೆಕ್ಕವನ್ನೇ ನ್ಯಾಯಾಲಯ ಕಾರಣದ ಪುರಾವೆಯೆಂದು ಒಪ್ಪಿತು. ಇನ್ನೊಂದು, ‘ನಮ್ಮ ಹೊಗೆ ನಿಗದಿತ ಮಿತಿಯೊಳಗಿದೆ’ ಎಂಬ ಕಂಪನಿಗಳ ವಾದಕ್ಕೆ ನ್ಯಾಯಾಲಯ ಮಣಿಯಲಿಲ್ಲ. ಜನರ ಜೀವಕ್ಕೆ ಕುತ್ತಿರುವಾಗ ಖರ್ಚಿನ ಲೆಕ್ಕ ಬಿಟ್ಟು, ಲಭ್ಯವಿರುವ ಅತ್ಯುತ್ತಮ ತಂತ್ರಜ್ಞಾನವನ್ನು ಬಳಸಬೇಕಿತ್ತೆಂದು ಹೇಳಿತು. ಮೂರನೆಯದು ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುತ್ತದೆ. ಆರು ಚಿಮಣಿಗಳಲ್ಲಿ ಯಾರ ಹೊಗೆ ಯಾರ ಶ್ವಾಸಕೋಶ ಸೇರಿತೆಂದು ರೋಗಿ ಸಾಬೀತು ಮಾಡಬೇಕಾಗಿಲ್ಲ. ಒಟ್ಟಾಗಿ ಹೊಗೆಯುಗುಳಿದವರು ಒಟ್ಟಾಗಿಯೇ ಹೊಣೆ ಹೊರಬೇಕು. ಕಂಪನಿಗಳು ಮೇಲ್ಮನವಿಗೆ ಹೋಗಲಿಲ್ಲ.

ಈಗ ಕೊಪ್ಪಳಕ್ಕೆ ಬನ್ನಿ. ಗಿಣಿಗೇರಿ, ಅಲ್ಲಾನಗರ, ಹಿರೇಬಗನಾಳದ ಸುತ್ತ ಸ್ಪಾಂಜ್ ಐರನ್ ಮತ್ತು ಉಕ್ಕಿನ ಕಾರ್ಖಾನೆಗಳು ಒಂದರ ಪಕ್ಕ ಒಂದು ನಿಂತಿವೆ. ಹೊಲದ ಬೆಳೆಯ ಮೇಲೆ, ಒಣಹಾಕಿದ ಬಟ್ಟೆಯ ಮೇಲೆ ಕರಿದೂಳು ಕೂರುತ್ತದೆಂದು ಅಲ್ಲಿಯ ರೈತರು ವರ್ಷಗಳಿಂದ ಹೇಳುತ್ತಿದ್ದಾರೆ. ಕಾರ್ಖಾನೆಗಳು ಒಂದಲ್ಲ, ಹಲವು. ದೂಳು ಯಾರದೆಂದು ಕೇಳಿದರೆ ಬೆರಳು ಪಕ್ಕದವರ ಕಡೆ ತಿರುಗಬಹುದು. ಈ ನಡುವೆ ಊರಿಗೆ ತೀರ ಹತ್ತಿರದಲ್ಲಿ ಬಲ್ದೋಟ ಸಮೂಹ ಬೃಹತ್ ಉಕ್ಕಿನ ಕಾರ್ಖಾನೆ ಕಟ್ಟುವ ಯೋಜನೆ ಬಂತು. 2025ರ ಫೆಬ್ರವರಿ 24ರಂದು ಕೊಪ್ಪಳ ಬಂದ್ ಆಗಿ, ಗವಿಮಠದ ಸ್ವಾಮೀಜಿಯವರೂ ಬೀದಿಗಿಳಿದು ಮಾತನಾಡಿದರು. ಬಳಿಕ ಕೆಲಸ ನಿಲ್ಲಿಸುವಂತೆ ಮುಖ್ಯಮಂತ್ರಿಗಳು ಸೂಚಿಸಿದರು. ಮಠಗಳ ಬಗ್ಗೆ ನಮ್ಮ ಬಳಗದಲ್ಲಿ ಭಿನ್ನಾಭಿಪ್ರಾಯಗಳಿವೆ, ಇರಬೇಕಾದದ್ದೇ. ಆದರೂ ಆ ದಿನ ಅಲ್ಲಿ ನೆರೆದ ಜನಸಾಗರವನ್ನು ಮಠದ ಭಕ್ತರೆಂದಷ್ಟೇ ನೋಡಿದರೆ ಅವರ ಉಬ್ಬಸವನ್ನು ನಾವು ನೋಡಿದಂತಾಗುವುದಿಲ್ಲ. ಮಾತಿನ ಸೂಚನೆಗೂ ಕಾನೂನಿನ ಆದೇಶಕ್ಕೂ ಇರುವ ಅಂತರವನ್ನಂತೂ ಕೊಪ್ಪಳದವರಿಗೆ ನಾವು ಇಲ್ಲಿಂದ ಕಲಿಸಬೇಕಾಗಿಲ್ಲ.

ರಾಷ್ಟ್ರೀಯ ಶುದ್ಧ ಗಾಳಿ ಯೋಜನೆ 2019ರಲ್ಲಿ ಆರಂಭವಾದಾಗ ಅದರಲ್ಲಿ ಸೇರಿದ ಕರ್ನಾಟಕದ ಊರುಗಳು ನಾಲ್ಕು: ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ. ಗಣಿ ಮತ್ತು ಉಕ್ಕಿನ ಬಳ್ಳಾರಿ, ಕೊಪ್ಪಳಗಳು ಆ ಪಟ್ಟಿಯಲ್ಲಿಲ್ಲ. ಅತಿಸೂಕ್ಷ್ಮ ದೂಳಿಗೆ, ಅಂದರೆ ಪಿಎಂ 2.5ಕ್ಕೆ, ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹಾಕಿದ ವಾರ್ಷಿಕ ಸರಾಸರಿಯ ಮಿತಿ ಘನಮೀಟರಿಗೆ 5 ಮೈಕ್ರೋಗ್ರಾಂ, ಜಪಾನಿನದು 15, ಭಾರತದ್ದು 40.

ಗಂಧಕದ ಕಥೆ ಇನ್ನೂ ವಿಚಿತ್ರ. 1960ರ ದಶಕದಲ್ಲಿ ಯೊಕ್ಕಾಯಿಚಿಯ ಕಂಪನಿಗಳು ಕಂಡುಕೊಂಡ ಮೊದಲ ಉಪಾಯ ಚಿಮಣಿಯನ್ನು ಎತ್ತರಿಸುವುದು. ಇಸೊಜುವಿನ ಮೇಲೆ ಬೀಳುತ್ತಿದ್ದ ಹೊಗೆ ದೂರದ ಬಡಾವಣೆಗಳಿಗೂ ಹಂಚಿಕೆಯಾಯಿತು. ಚಿಮಣಿಯ ಎತ್ತರದ ಮಾತು ಬಿಟ್ಟು, ಒಟ್ಟು ಎಷ್ಟು ಗಂಧಕ ಹೊರಬಿಡಬಹುದೆಂಬ ಮಿತಿಯನ್ನು 1972ರಲ್ಲಿ ಮಿಎ ಪ್ರಾಂತ ಹಾಕಿದ ಮೇಲೆಯೇ ಫಲ ಕಂಡದ್ದು. 1976ರ ಹೊತ್ತಿಗೆ ಯೊಕ್ಕಾಯಿಚಿಯ ಗಾಳಿ ಗಂಧಕದ ರಾಷ್ಟ್ರೀಯ ಮಾನದಂಡ ಮುಟ್ಟಿತು. ಭಾರತ ಸರ್ಕಾರ ಕಲ್ಲಿದ್ದಲಿನ ವಿದ್ಯುತ್ ಸ್ಥಾವರಗಳಿಗೆ ಗಂಧಕದ ಮಿತಿ ಹಾಕಿದ್ದು 2015ರ ಡಿಸೆಂಬರ್‌ನಲ್ಲಿ. ಗಡುವು ಮತ್ತೆ ಮತ್ತೆ ಮುಂದೆ ಹೋಗಿ, 2025ರ ಜುಲೈನಲ್ಲಿ ಮುಕ್ಕಾಲುಪಾಲಿಗಿಂತ ಹೆಚ್ಚು ಘಟಕಗಳಿಗೆ ವಿನಾಯಿತಿಯೇ ದೊರೆಯಿತು. ಅವು ಪಾಲಿಸಬೇಕಾದ ಷರತ್ತು ಚಿಮಣಿಯ ಎತ್ತರದ್ದು! ರಾಯಚೂರು, ಕುಡತಿನಿಯ ಹೊಗೆ ನೋಡಿ ಬೆಳೆದವರು ಈ ಸಭೆಯಲ್ಲಿದ್ದರೆ, ಅವರಿಗೆ ನಾನು ಇದನ್ನು ಬಿಡಿಸಿ ಹೇಳಬೇಕಿಲ್ಲ.

ಜಪಾನನ್ನು ಆದರ್ಶ ಮಾಡುತ್ತಿದ್ದೇನೆಂದು ತಿಳಿಯಬೇಡಿ. ಯೊಕ್ಕಾಯಿಚಿಯ ತೀರ್ಪಿನ ಒತ್ತಡದಿಂದ 1973ರಲ್ಲಿ ರೋಗಿಗಳಿಗೆ ಪರಿಹಾರ ನೀಡುವ ಕಾನೂನು ಬಂತು. ಹೊಗೆ ಬಿಡುವವರಿಂದ ಅದರ ಪ್ರಮಾಣಕ್ಕೆ ತಕ್ಕ ಶುಲ್ಕ, ವಾಹನಗಳ ತೆರಿಗೆಯ ಒಂದು ಪಾಲು ಸೇರಿಸಿ ರೋಗಿಗಳಿಗೆ ಕೊಡುವ ವ್ಯವಸ್ಥೆ. ಒಂದು ಲಕ್ಷಕ್ಕೂ ಹೆಚ್ಚು ಜನ ಮಾನ್ಯತೆ ಪಡೆದರು. ಉದ್ಯಮಿಗಳ ಒಕ್ಕೂಟ ಇದನ್ನು ಸಹಿಸಲಿಲ್ಲ. 1978ರಲ್ಲಿ ನೈಟ್ರೋಜನ್ ಡೈಆಕ್ಸೈಡಿನ ಮಾನದಂಡ ಸಡಿಲವಾಯಿತು. 1988ರ ಮಾರ್ಚ್‌ನಲ್ಲಿ ಗುರುತಿಸಿದ್ದ 41 ಪ್ರದೇಶಗಳೂ ರದ್ದಾದವು. ಅಂದಿನಿಂದ ಈ ಕಾನೂನಿನಡಿ ಹೊಸ ಅಸ್ತಮಾ ರೋಗಿಯೊಬ್ಬನೂ ಮಾನ್ಯನಾಗಿಲ್ಲ. ಹೆದ್ದಾರಿಗಳ ಪಕ್ಕದ ಜನ ಮತ್ತೆ ಕೋರ್ಟಿನ ಮೆಟ್ಟಿಲೇರಬೇಕಾಯಿತು: ನಿಶಿಯೊದೊಗಾವಾ, ಕವಾಸಾಕಿ, ಅಮಗಾಸಾಕಿ, ಕೊನೆಗೆ ಟೋಕಿಯೋ. ಟೋಕಿಯೋದ ದಾವೆ 2007ರಲ್ಲಿ ರಾಜಿಯಾದದ್ದರಿಂದಲೇ ಅಸ್ತಮಾ ರೋಗಿಗಳಿಗೆ ನಗರದಲ್ಲಿ ಚಿಕಿತ್ಸಾ ನೆರವು ಬಂತು. ಪಿಎಂ 2.5ಕ್ಕೆ ರಾಷ್ಟ್ರೀಯ ಮಾನದಂಡವೂ ಅದರ ಹಿಂದೆಯೇ, 2009ರಲ್ಲಿ, ಬಂತು. ಇಷ್ಟಾದರೂ 2013ರ ಆರಂಭದಲ್ಲಿ ಪಿಎಂ 2.5 ಇಲ್ಲಿ ಮನೆಮಾತಾದದ್ದು ಚೀನಾದಿಂದ ತೇಲಿಬರುವ ಪಿಡುಗೆಂದು. ಪಕ್ಕದ ಮನೆಯ ಹೊಗೆ ಕಾಣುವಷ್ಟು ಬೇಗ ನಮ್ಮ ಮನೆಯ ಒಲೆ ಕಾಣುವುದಿಲ್ಲ. ಯೊಕ್ಕಾಯಿಚಿಯ ಪ್ರತಿವಾದಿಗಳಲ್ಲೊಂದಾದ ಮಿತ್ಸುಬಿಷಿ ಕಸೆಯಿ ಮುಂದೆ ಮಲೇಷಿಯಾದ ಬುಕಿತ್ ಮೆರಾದಲ್ಲಿ ವಿರಳ ಖನಿಜದ ಕಾರ್ಖಾನೆಯ ಪಾಲುದಾರನಾಯಿತು; ವಿಕಿರಣಶೀಲ ತ್ಯಾಜ್ಯದ ವಿಷಯದಲ್ಲಿ ಆ ಕಾರ್ಖಾನೆಯನ್ನೂ ಅಲ್ಲಿಯ ಜನ ಕೋರ್ಟಿಗೆಳೆದರು.

ಸೋಲುಗಳ ನಡುವೆ ಗೆದ್ದ ಒಂದು ಕಥೆ ಇದೆ. ನನಗೆ ಅತ್ಯಂತ ಪ್ರಿಯವಾದದ್ದು. 1963ರ ಕೊನೆಯಲ್ಲಿ ಫ್ಯೂಜಿ ಬೆಟ್ಟದ ದಕ್ಷಿಣಕ್ಕಿರುವ ಮಿಶಿಮಾ, ನುಮಾಜು, ಶಿಮಿಜುಗಳಲ್ಲಿ ಯೊಕ್ಕಾಯಿಚಿಯಂಥದೇ ಸಂಕೀರ್ಣ ಕಟ್ಟುವ ಯೋಜನೆ ಪ್ರಕಟವಾಯಿತು. ಅಲ್ಲಿಯ ರೈತರು, ಮೀನುಗಾರರು, ಗೃಹಿಣಿಯರು ಬಸ್ಸು ಮಾಡಿಕೊಂಡು ಯೊಕ್ಕಾಯಿಚಿಗೆ ಹೋದರು; ಕಂಡರು, ಮೂಸಿದರು, ರೋಗಿಗಳೊಡನೆ ಮಾತನಾಡಿ ಹಿಂದಿರುಗಿದರು. ಕೇರಿ ಕೇರಿಗಳಲ್ಲಿ ಸ್ಲೈಡು ತೋರಿಸಿ ಅಧ್ಯಯನ ಸಭೆಗಳನ್ನು ನಡೆಸಿದರು. ಇಲ್ಲಿ ಹೊಗೆ ಯಾವ ಕಡೆ ಹೋಗಬಹುದು ಎಂಬ ಪ್ರಶ್ನೆಗೆ ನುಮಾಜುವಿನ ತಾಂತ್ರಿಕ ಪ್ರೌಢಶಾಲೆಯ ಶಿಕ್ಷಕರಾದ ನಿಶಿಯೋಕಾ ಅಕಿಯೋ ಮೊದಲಾದವರು ಉತ್ತರ ಹುಡುಕಿದ ಬಗೆ ನೋಡಿ. ಮೇ ತಿಂಗಳಲ್ಲಿ ಇಲ್ಲಿ ಮನೆಮನೆಗೂ ಮೀನಿನ ಆಕಾರದ ಬಟ್ಟೆಯ ಬಾವುಟ ಹಾರಿಸುತ್ತಾರಲ್ಲ, ಕೊಯಿನೊಬೊರಿ, 1964ರ ಮೇ ತಿಂಗಳಲ್ಲಿ ವಿದ್ಯಾರ್ಥಿಗಳು ಅವು ಯಾವ ದಿಕ್ಕಿಗೆ ಹಾರುತ್ತಿವೆಯೆಂದು ಗುರುತು ಹಾಕಿಕೊಂಡರು. ಮಿಶಿಮಾದ ರಾಷ್ಟ್ರೀಯ ತಳಿವಿಜ್ಞಾನ ಸಂಸ್ಥೆಯ ಮತ್ಸುಮುರಾ ಸೆಯಿಜಿ ನೇತೃತ್ವದ ಸ್ಥಳೀಯ ತಂಡ ತನ್ನ ವರದಿ ಬರೆಯಿತು. ಸರ್ಕಾರದ ತಜ್ಞರು ಹೆಲಿಕಾಪ್ಟರಿನಲ್ಲಿ ಸುತ್ತಿ ಸಿದ್ಧಪಡಿಸಿದ ವರದಿಯೊಡನೆ ಅದನ್ನು ಮುಖಾಮುಖಿ ಇಟ್ಟು ಚರ್ಚಿಸಿದರು. ಆ ವರ್ಷದ ಶರತ್ಕಾಲದಲ್ಲಿ ಯೋಜನೆ ಕೈಬಿಟ್ಟುಹೋಯಿತು.

ಆ ಅಧ್ಯಯನ ಸಭೆಗಳೆಲ್ಲ ಜನರ ಭಾಷೆಯಲ್ಲೇ ನಡೆದವು. 2006ರ ಅಧಿಸೂಚನೆಯ ಪ್ರಕಾರ ನಮ್ಮಲ್ಲಿ ಪರಿಸರ ಪರಿಣಾಮದ ವರದಿಯ ಸಾರಾಂಶವಷ್ಟೇ ಸ್ಥಳೀಯ ಭಾಷೆಯಲ್ಲಿರಬೇಕು. ಗಾಳಿಯ ದಿಕ್ಕು, ದೂಳಿನ ಅಂದಾಜು, ಕೋಷ್ಟಕಗಳೆಲ್ಲ ಸಾಮಾನ್ಯವಾಗಿ ನೂರಾರು ಪುಟಗಳ ಇಂಗ್ಲಿಷಿನಲ್ಲಿ ಉಳಿಯುತ್ತವೆ. 2020ರ ಕರಡು ಅಧಿಸೂಚನೆ ಕನ್ನಡ ಮೊದಲಾದ ಭಾಷೆಗಳಲ್ಲಿ ಜನರಿಗೆ ತಲುಪಿಲ್ಲವೆಂಬ ಕಾರಣಕ್ಕೆ ಕರ್ನಾಟಕ ಹೈಕೋರ್ಟ್ ಅದರ ಅಂತಿಮ ಪ್ರಕಟಣೆಯನ್ನು ತಡೆದದ್ದು ನಿಮಗೆ ನೆನಪಿರಬಹುದು. ಹಣ ಕಳಿಸಿ, ಸಹಿ ಸಂಗ್ರಹಿಸಿ ಸಮಾಧಾನಪಡುವ ನಾವು ಮಾಡಬಹುದಾದ, ಮಾಡಲು ಅರ್ಹರಾದ ಕೆಲಸ ಇಲ್ಲಿದೆ. ಕೋಷ್ಟಕ ಓದಬಲ್ಲ ಎಂಜಿನಿಯರುಗಳು, ವೈದ್ಯರು, ಜಪಾನಿ ಬಲ್ಲವರು ಈ ಕೋಣೆಯಲ್ಲೇ ಇದ್ದಾರೆ. ಕೊಪ್ಪಳದ ಕಾರ್ಖಾನೆಗಳ ವರದಿಗಳ ಗಾಳಿಯ ಅಧ್ಯಾಯಗಳನ್ನು ಕನ್ನಡಕ್ಕೆ ತರುವುದು ಒಂದು. 1972ರ ಯೊಕ್ಕಾಯಿಚಿಯ ತೀರ್ಪನ್ನು, ಮುಖ್ಯವಾಗಿ ಜಂಟಿ ಹೊಣೆಯ ಭಾಗವನ್ನು, ನಮ್ಮ ವಕೀಲರ ಕೈಗೆ ಕನ್ನಡದಲ್ಲಿ ಕೊಡುವುದು ಇನ್ನೊಂದು. ಭಾಷೆಯ ಬಗ್ಗೆ ನವೆಂಬರ್ ತಿಂಗಳಲ್ಲಿ ನಾವು ಹಾಡುವುದೆಲ್ಲ ಸರಿ. ಗಂಧಕದ ಡೈಆಕ್ಸೈಡಿನ ಬಗ್ಗೆ ಜಗಳವಾಡಲು ಕನ್ನಡ ಸಾಲದು ಎಂಬಂತಾದರೆ ಆ ಹಾಡಿಗೆ ಉಸಿರೆಲ್ಲಿಂದ ಬಂದೀತು?

ಟೋಕಿಯೋ ವಿಶ್ವವಿದ್ಯಾಲಯದ ಉಯಿ ಜುನ್ ಅವರು 1970ರಿಂದ 15 ವರ್ಷ, ಸಂಜೆಯ ಹೊತ್ತು, ಯಾರು ಬೇಕಾದರೂ ಬಂದು ಕೇಳಬಹುದಾದ ಮಾಲಿನ್ಯಶಾಸ್ತ್ರದ ಪಾಠ ನಡೆಸಿದರು. ವಿಶ್ವವಿದ್ಯಾಲಯ ಅವರನ್ನು ಸಹಾಯಕ ಹುದ್ದೆಯಿಂದ ಮೇಲಕ್ಕೇರಿಸಲೇ ಇಲ್ಲ. ನಮ್ಮ ಅನುವಾದದ ಕೆಲಸವೂ ಸಂಜೆಯ ಹೊತ್ತಿನದೇ, ಬಡ್ತಿಗೆ ಲೆಕ್ಕಕ್ಕೆ ಬರುವುದಿಲ್ಲವೆಂದು ಕಿರಿಯ ಸಂಶೋಧಕರಿಗೆ ಮೊದಲೇ ಹೇಳಿಬಿಡುತ್ತೇನೆ.

ಇನ್ನೊಂದು ವಿಷಯ ಹೇಳಿ ಪ್ರಶ್ನೆಗಳಿಗೆ ಬಿಡುತ್ತೇನೆ. ಯೊಕ್ಕಾಯಿಚಿಯಲ್ಲಿ 2015ರಿಂದ ಮಾಲಿನ್ಯದ ಇತಿಹಾಸದ ವಸ್ತುಸಂಗ್ರಹಾಲಯವಿದೆ. ನಗೋಯಾದಿಂದ ಕಿಂತೆತ್ಸು ರೈಲಿನಲ್ಲಿ ಸುಮಾರು ಅರ್ಧ ಗಂಟೆ, ನಿಲ್ದಾಣದಿಂದ ನಡೆದೇ ಹೋಗಬಹುದು. ಪ್ರವೇಶ ಉಚಿತ, ಸೋಮವಾರ ರಜೆ. ಬರಲು ಇಚ್ಛಿಸುವವರು ಹೊರಗಿನ ಮೇಜಿನ ಮೇಲಿರುವ ಹಾಳೆಯಲ್ಲಿ ಹೆಸರು ಬರೆಯಿರಿ; ಜಪಾನಿ ಓದಲು ಬರುವವರು ಹೆಸರಿನ ಮುಂದೆ ಒಂದು ಗುರುತು ಹಾಕಿ.