ಬೀಗ ಬಿದ್ದ ಮನೆಯ ಹೊಣೆ

ಸಾಲ ತೀರದೆ ಬ್ಯಾಂಕು ಬೀಗ ಜಡಿದ ಮನೆಯನ್ನು ಕಾಯಬೇಕಾದವರು ಯಾರು? ಮಂಗಳೂರಿನ ಮಳೆಗೆ ನಾಲ್ಕು ಹಂಚು ಜಾರಿದರೆ ಸಾಕು, ಪಕ್ಕಾಸು ಕೊಳೆಯತೊಡಗುತ್ತದೆ.

ಸರ್ಫೇಸಿ ಕಾನೂನಿನಡಿ 2002ರಲ್ಲಿ ರಚಿತವಾದ ನಿಯಮಗಳ ಪೈಕಿ 8ನೆಯದು ಸ್ಪಷ್ಟವಾಗಿದೆ. ಮನೆಯನ್ನು ವಾಸ್ತವವಾಗಿ ವಶಕ್ಕೆ ಪಡೆದ ಅಧಿಕಾರಿಯು ವಿವೇಕಿಯಾದ ಮಾಲಿಕನಂತೆ ಅದನ್ನು ಕಾಪಾಡಬೇಕು. ಅಗತ್ಯವಿದ್ದರೆ ವಿಮೆಯನ್ನೂ ಮಾಡಿಸಬೇಕು. ಬ್ಯಾಂಕಿನವರು ತಾವಾಗಿ ಇದನ್ನು ಹೇಳುವುದು ಅಪರೂಪ. ಬಾಗಿಲಿಗೆ ನೋಟಿಸು ಅಂಟಿಸಿ ಹೋದದ್ದು ಸಾಂಕೇತಿಕ ವಶ ಮಾತ್ರ. ಕುಟುಂಬ ಒಳಗಿರುವವರೆಗೆ ದುರಸ್ತಿ ಅದರದ್ದೇ.

ಆದರೆ ಬ್ಯಾಂಕು ಮಾಡುವ ಖರ್ಚನ್ನು ಸಾಲಗಾರನಿಂದಲೇ ವಸೂಲು ಮಾಡಲಾಗುತ್ತದೆ. ಮನೆ ಹಾಳಾಗಿ ಹರಾಜಿನ ಬೆಲೆ ಕುಸಿದರೆ ಉಳಿದ ಬಾಕಿಯೂ ಅವನದೇ. ಆದುದರಿಂದ ಕೀಲಿಕೈ ಒಪ್ಪಿಸುವ ದಿನವೇ ಛಾವಣಿ, ಗೋಡೆಗಳ ಚಿತ್ರ ತೆಗೆದಿಡಿರಿ. ಸೋರಿಕೆ ಕಂಡಾಗ ಬ್ಯಾಂಕಿಗೆ ಲಿಖಿತವಾಗಿ ತಿಳಿಸಿ ಸ್ವೀಕೃತಿ ಪಡೆಯಿರಿ.