ಜಕಾರ್ಡ್ ಪೆಟ್ಟಿಗೆ, ಮರೆತ ರಾಟೆ

ನೇಕಾರರ ಊರಾದ ಎಮ್ಮಿಗನೂರಿನಲ್ಲಿ ನಿಂತು ಮಗ್ಗದ ಬಗ್ಗೆ ಉಪನ್ಯಾಸ ಕೊಡುವುದಕ್ಕೆ ಗಟ್ಟಿ ಗುಂಡಿಗೆ ಬೇಕು. ಕೂತವರಲ್ಲಿ ಅನೇಕರಿಗೆ ಅದು ನನಗಿಂತ ಚೆನ್ನಾಗಿ ಗೊತ್ತು. ಹತ್ತೊಂಬತ್ತನೆಯ ಶತಮಾನದ ಯಂತ್ರಗಳೆಂದರೆ ಉಗಿಬಂಡಿಯಿಂದ ಶುರುಮಾಡುವುದು ರೂಢಿ. ನಾನು ಮಗ್ಗದ ನೆತ್ತಿಯ ಮೇಲೆ ಕೂರುವ ಪೆಟ್ಟಿಗೆಯಿಂದ ಶುರುಮಾಡುತ್ತೇನೆ.

ಫ್ರಾನ್ಸಿನ ಲಿಯಾನ್ ಊರಿನ ಜೋಸೆಫ್ ಮರಿ ಜಕಾರ್ಡ್ 1804ರಲ್ಲಿ ಇದನ್ನು ರೂಪಿಸಿದ. ಅದಕ್ಕೂ ಮುಂಚೆ ಹೂಬಳ್ಳಿ ನೇಯಬೇಕಾದರೆ ನೇಕಾರನ ಜೊತೆ ಒಬ್ಬ ಹುಡುಗ ದಿನವಿಡೀ ದಾರ ಜಗ್ಗುತ್ತ ಕೂರಬೇಕಿತ್ತು. ಆ ಕೆಲಸವನ್ನು ಜಕಾರ್ಡ್ ರಟ್ಟಿಗೆ ಒಪ್ಪಿಸಿದ. ರಟ್ಟಿನಲ್ಲಿ ತೂತಿದ್ದರೆ ಸೂಜಿ ಒಳಹೊಗುತ್ತದೆ, ಅದರ ಕೊಕ್ಕೆ ಮೇಲೇಳುವಾಗ ಹಾಸಿನ ಎಳೆಯನ್ನೂ ಎತ್ತುತ್ತದೆ. ತೂತಿಲ್ಲದಿದ್ದರೆ ಸೂಜಿ ಹಿಂದೆ ಸರಿಯುತ್ತದೆ, ಎಳೆ ಕೆಳಗೇ ಉಳಿಯುತ್ತದೆ. ಹೀಗೆ ಹೊಕ್ಕಿನ ಒಂದೊಂದು ಎಳೆಗೂ ಒಂದೊಂದು ರಟ್ಟು. 1839ರಲ್ಲಿ ಜಕಾರ್ಡನ ಚಿತ್ರವನ್ನೇ ರೇಷ್ಮೆಯಲ್ಲಿ ನೇಯ್ದಾಗ ಸುಮಾರು 24,000 ರಟ್ಟು ಹಿಡಿದವು! ಇಂಗ್ಲೆಂಡಿನ ಗಣಿತಜ್ಞ ಬ್ಯಾಬೇಜ್ ಈ ರಟ್ಟನ್ನೇ ತನ್ನ ಲೆಕ್ಕದ ಯಂತ್ರಕ್ಕೆ ಎರವಲು ಪಡೆಯಲು ಹೊರಟ ಕಥೆಯನ್ನು ಎಲ್ಲರೂ ಹೇಳುತ್ತಾರೆ, ಬಿಡಿ.

ನಮ್ಮ ಸೀಮೆಗೆ ಜಕಾರ್ಡಿಗಿಂತ ಮುಂಚೆ ಪೆಟ್ಟು ಕೊಟ್ಟದ್ದು ನೂಲಿನ ಯಂತ್ರ. ಮ್ಯಾಂಚೆಸ್ಟರಿನ ರಿಚರ್ಡ್ ರಾಬರ್ಟ್ಸ್ 1825ರಲ್ಲಿ ತಾನಾಗಿ ನೂಲುವ ಯಂತ್ರಕ್ಕೆ ಹಕ್ಕುಪತ್ರ ಪಡೆದ. ರಾಟೆಗೆ ಒಂದೇ ಕದಿರು, ಅದಕ್ಕೆ ನೂರಾರು. ಆಗ ನಾವು ಕಂಪನಿ ಆಳ್ವಿಕೆಯ ಬಳ್ಳಾರಿ ಜಿಲ್ಲೆಯವರು. ಎರೆಹೊಲದ ಹತ್ತಿಯನ್ನು ಹಂಜಿ ಮಾಡಿ, ಮನೆಗೆಲಸದ ನಡುವೆ ನೂತು, ನಾಲ್ಕು ಕಾಸು ಕಾಣುತ್ತಿದ್ದವರು ಹೆಂಗಸರು. ವಿಲಾಯತಿಯ ಯಂತ್ರದಲ್ಲಿ ನೂತ ಸೀಮೆ ನೂಲು ನಯ, ಗಟ್ಟಿ, ಅಗ್ಗ. ನೇಕಾರ ಅದನ್ನು ಕೊಂಡು ಹೇಗೋ ಬದುಕಿಕೊಂಡ. ನೂಲುವವಳಿಗೆ ಆ ದಾರಿಯೂ ಇರಲಿಲ್ಲ. 1871ರಲ್ಲಿ ಮದ್ರಾಸಿನ ರೈಲು ಆದೋನಿ ದಾಟಿ ರಾಯಚೂರು ಮುಟ್ಟಿದ ಮೇಲೆ ಹತ್ತಿ ಹೊರಗೆ ಹೋಗುವುದೂ ನೂಲು ಒಳಗೆ ಬರುವುದೂ ಇನ್ನಷ್ಟು ಸಲೀಸಾಯಿತು. ಐದೇ ವರ್ಷಕ್ಕೆ ಧಾತು ಸಂವತ್ಸರದ ಭೀಕರ ಬರ. ತಿನ್ನಲು ಕಾಳಿಲ್ಲದವರು ಸೀರೆ ಕೊಳ್ಳುತ್ತಾರೆಯೇ? ನೇಕಾರರ ಕೇರಿಗಳೂ ಆಗ ನೆಲಕಚ್ಚಿದವು.

ಕೈಮಗ್ಗ, ಯಂತ್ರ ಎಂದು ಎರಡು ಪಕ್ಷ ಕಟ್ಟಿ ವಾದಿಸುವವರನ್ನು ಕಂಡರೆ ನನಗೆ ನಗು ಬರುತ್ತದೆ. ಕೈಮಗ್ಗದಲ್ಲೇ ಮಿಲ್ಲಿನ ನೂಲು, ಅದರ ನೆತ್ತಿಯ ಮೇಲೆ ಲಿಯಾನಿನ ಪೆಟ್ಟಿಗೆ! 1938ರಲ್ಲಿ ಮಾಚಾನಿ ಸೋಮಪ್ಪನವರು ಇದೇ ಊರಿನಲ್ಲಿ ನೇಕಾರರ ಸಹಕಾರ ಸಂಘ ಕಟ್ಟಿದ್ದು ದೊಡ್ಡ ಕೆಲಸ, ಅನುಮಾನವಿಲ್ಲ. ಅಷ್ಟು ಹೊತ್ತಿಗೆ ನೂಲುವವಳು ಲೆಕ್ಕದಿಂದಲೇ ಹೊರಗಾಗಿದ್ದಳು. ಅವಳ ಪರವಾಗಿ ಹಟ ಹಿಡಿದವರು ಗಾಂಧೀಜಿ: ನೇಯ್ದದ್ದು ಕೈಯಲ್ಲಾದರೆ ಸಾಲದು, ನೂಲೂ ಕೈಯದೇ ಆಗಬೇಕು. ಖಾದಿ ಬೇರೆ, ಕೈಮಗ್ಗ ಬೇರೆ ಎಂದು ಸರ್ಕಾರ ಇಂದಿಗೂ ಎರಡು ಖಾತೆ ಇಟ್ಟಿರುವುದು ಈ ನೂಲಿನ ದೆಸೆಯಿಂದಲೇ.